ಗೋಡೆ ನಿಮ್ಮದು, ಗುರುತು ನೀವೇ ಹಾಕಿ

ಮನೆ, ಅಡುಗೆಮನೆಯ ಮೇಜು
ಹದಿನಾರನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಪಿಟೀಲಪ್ಪನಿಗೆ,

ಹೀಗೆ ಕರೆಯಲೋ ಬೇಡವೋ ಅಂತ ಪೆನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಮಗಳು ಹುಟ್ಟಿದಾಗಿನಿಂದ ನಾನು ನಿಮ್ಮನ್ನು ಕರೆದದ್ದು ಹಾಗೇ. ತೊಟ್ಟಿಲಲ್ಲಿದ್ದಾಗಲೇ ರಾಗ ಎಳೆದೆಳೆದು ಅತ್ತು ಪಕ್ಕದ ಮನೆಯವರನ್ನೂ ಎಬ್ಬಿಸುತ್ತಿದ್ದಳು ಅಂತ ಪಿಟೀಲು ಅನ್ನೋ ಹೆಸರಿಟ್ಟವರು ನೀವು. ಮಾತು ಬಂದ ಮೇಲೆ ಅಳು ನಿಂತು ಮಾತು ಶುರುವಾಯಿತು, ಹೆಸರು ಮಾತ್ರ ಸರಿಯಾಗಿಯೇ ಉಳಿಯಿತು. ನೀವು ಪಿಟೀಲಪ್ಪ, ನಾನು ಪಿಟೀಲಮ್ಮ. ಈಗ ಅವಳಿಲ್ಲ ಅಂತ ನಿಮಗೆ ಬೇರೆ ಹೆಸರು ಎಲ್ಲಿಂದ ತರಲಿ ಹೇಳಿ. ಓದೋಕೆ ಕಷ್ಟ ಆದರೆ ಆ ಸಾಲು ಬಿಟ್ಟು ಮುಂದಿನದು ಓದಿ.

ಹೇಗಿದ್ದೀರಿ? ಮೊಣಕಾಲು ನೋವು ಹೇಗಿದೆ? ನೀವು ಕೆಲಸಕ್ಕೆ ಸೇರಿದ ಆ ಪಂಪ್‌ಹೌಸಿನಲ್ಲಿ ನೆಲ ಯಾವಾಗಲೂ ಒದ್ದೆ ಅಂತ ಹೋದ ಹೊಸತರಲ್ಲಿ ಬರೆದಿದ್ದಿರಿ. ಚಪ್ಪಲಿ ಹಾಕಿಕೊಂಡು ನಿಲ್ಲಿ. ಬರಿಗಾಲಲ್ಲಿ ನಿಂತರೇ ಮೋಟರಿನ ಸದ್ದು ಸರಿಯಾಗಿ ಗೊತ್ತಾಗುತ್ತೆ ಅನ್ನೋ ನಿಮ್ಮ ವಾದ ನನ್ನ ಹತ್ತಿರ ಬೇಡ. ಊಟ ಯಾರು ಮಾಡಿ ಹಾಕ್ತಾರೆ, ನೀವೇ ಬೇಯಿಸಿಕೊಳ್ತೀರಾ, ಅಥವಾ ಬ್ರೆಡ್ಡು ಬಾಳೆಹಣ್ಣಿನ ಮೇಲೆ ಕಾಲ ತಳ್ತಿದ್ದೀರಾ? ವಾರಕ್ಕೊಮ್ಮೆ ಕ್ರಾಸಿನ ತನಕ ನಡೆದು ಬಂದು 'ಚೆನ್ನಾಗಿದ್ದೀನಿ' ಅಂತ ಒಂದು ಮೆಸೇಜ್ ಕಳಿಸ್ತೀರಲ್ಲ, ಅದು ನನಗೆ ಬರುತ್ತೆ. ಹಳೇದನ್ನೇ ಒತ್ತಿ ಮತ್ತೆ ಕಳಿಸ್ತೀರಿ ಅನ್ನೋದೂ ಗೊತ್ತಾಗುತ್ತೆ. ನಾನು ಉತ್ತರ ಟೈಪ್ ಮಾಡೋ ಹೊತ್ತಿಗೆ ನೀವು ಕ್ರಾಸ್ ಬಿಟ್ಟು ಹೊರಟಿರ್ತೀರಿ. ಅದಕ್ಕೇ ಈ ಕಾಗದ. ಅಂಚೆಯವನು ಪಂಪ್‌ಹೌಸಿನ ಬಾಗಿಲಿಗೇ ತಂದು ಕೊಡ್ತಾನಂತೆ, ಅವನಿಂದ ಓಡಿ ಹೋಗೋಕಾಗಲ್ಲ.

ನಿಮ್ಮಮ್ಮ ಆರೋಗ್ಯವಾಗಿದ್ದಾರೆ. ಎಡಗಿವಿ ಪೂರ್ತಿ ಮುಷ್ಕರ ಹೂಡಿದೆ, ಬಲಗಿವಿ ಮನಸ್ಸಿದ್ದಾಗ ಕೆಲಸ ಮಾಡುತ್ತೆ. ನಾನು ಬೈದದ್ದು ಕೇಳಿಸಲ್ಲ, ಪಕ್ಕದ ಮನೆಯ ಜಗಳ ಪದ ಬಿಡದೆ ಕೇಳಿಸುತ್ತೆ. ಬೆಳಿಗ್ಗೆ ನಾನು ಸರ್ವೆ ಕೆಲಸಕ್ಕೆ ಹೊರಡುವಾಗ ಬಾಗಿಲ ತನಕ ಬಂದು, ಇವತ್ತು ಎಷ್ಟು ಮನೆ ಅಂತ ಕೇಳ್ತಾರೆ. ಪಿಟೀಲು ಕೇಳ್ತಿದ್ದ ಪ್ರಶ್ನೆ ಅದು. ಅವಳು ಕೇಳ್ತಿದ್ದಳು ಅಂತಲೇ ಇವರು ಕೇಳ್ತಾರೋ, ಅಥವಾ ಮನೆಯಲ್ಲಿ ಯಾರಾದರೂ ಕೇಳಬೇಕಲ್ಲ ಅಂತ ಕೇಳ್ತಾರೋ, ನಾನು ವಿಚಾರಿಸೋಕೆ ಹೋಗಿಲ್ಲ. ಉತ್ತರ ಹೇಳಿ ಹೊರಡ್ತೀನಿ.

ನನ್ನ ಬಗ್ಗೆ ಏನು ಬರೆಯಲಿ? ಚೆನ್ನಾಗಿದ್ದೀನಿ ಅಂತ ನಾನೂ ಬರೆಯಬಹುದು, ಆ ಪದದ ಗುತ್ತಿಗೆ ನಿಮಗೊಬ್ಬರಿಗೇ ಏನೂ ಕೊಟ್ಟಿಲ್ಲ. ನಿಜ ಹೇಳಬೇಕು ಅಂದರೆ ನನಗೆ ಏನೂ ಅನಿಸ್ತಿಲ್ಲ ರೀ. ಹಲ್ಲು ಕೀಳಿಸಿಕೊಂಡು ಬಂದಾಗ ತುಟಿ ಇದೆಯೋ ಇಲ್ಲವೋ ಗೊತ್ತಾಗಲ್ಲ ನೋಡಿ, ಚಹಾ ಕುಡಿದರೆ ಅರ್ಧ ಗಲ್ಲದ ಮೇಲೆ ಇಳಿದಿರುತ್ತೆ, ಹಾಗೆ. ಅಳು ಬರಲ್ಲ, ಸಿಟ್ಟು ಬರುತ್ತೆ ಅಂತ ಕಾದರೆ ಅದೂ ಬರಲ್ಲ. ನೀವು ಹೊರಟು ನಿಂತಾಗ, 'ಅಲ್ಲಿ ಫೋನ್ ಸಿಗಲ್ಲ, ಅದಕ್ಕೇ ಹೋಗ್ತಿದ್ದೀನಿ' ಅಂದಿರಲ್ಲ, ಆಗಲೂ ಬರಲಿಲ್ಲ. ನಿಮ್ಮ ಚೀಲಕ್ಕೆ ಟವೆಲ್ ಹಾಕಿ ಕೊಟ್ಟೆ. ನನಗೆ ಗೊತ್ತಾಗಬೇಕಾದದ್ದು ಒಂದೇ. ನೀವು ವಾಪಸ್ ಬರ್ತೀರೋ ಇಲ್ಲವೋ. ನೀವು ಬಿಟ್ಟು ಹೋದದ್ದು ಫೋನನ್ನೋ, ನನ್ನನ್ನೋ? ಇದರ ಜೊತೆಗೆ ಮನೆಯಲ್ಲಿ ಆದ ಒಂದು ಸಂಗತಿ ನಿಮಗೆ ಹೇಳಬೇಕು, ಗೋಡೆಯ ವಿಷಯ. ಅದನ್ನು ಕೇಳಿದ ಮೇಲೆ ನೀವು ಬರೋ ಮನಸ್ಸಿದ್ದರೂ ಬದಲಾಯಿಸಿಬಿಡ್ತೀರೇನೋ ಅಂತ ಹೆದರಿಕೆ. ನೋಡಿ, ಹೆದರಿಕೆ ಮಾತ್ರ ಇದೆ, ಪುಣ್ಯ. ಅಲ್ಲಿಗೆ ಬರ್ತೀನಿ, ಮೊದಲು ಕೆಲಸದ ಸುದ್ದಿ ಕೇಳಿ.

ನಮ್ಮ ಮ್ಯಾನೇಜರ್ ಇದ್ದಾರಲ್ಲ, ಒಂದು ಹೆಜ್ಜೆ ಇಟ್ಟು ಇನ್ನೊಂದಕ್ಕೆ ಮುಹೂರ್ತ ನೋಡೋರು, ಪಿಟೀಲು 'ಹೈಸ್ಪೀಡ್ ಅಂಕಲ್' ಅಂತ ಕರೀತಿದ್ದಳಲ್ಲ, ಅವರು ನನ್ನನ್ನು ದೊಡ್ಡ ಸರ್ವೆಗೆ ಹಾಕಿದ್ದಾರೆ. ರಾಜ್ಯದ ಉದ್ದಗಲಕ್ಕೆ ತಿರುಗಿ, ಯಾವ ಊರಿನ ಮನೆಗೆ ಯಾವ ಇಂಟರ್ನೆಟ್ ಸರಿ ಅಂತ ಹೋಲಿಸಿ ನೋಡಬೇಕು. ಸಿಟಿ, ಸಣ್ಣ ಪಟ್ಟಣ, ಹಳ್ಳಿ, ಎಲ್ಲ. ಮನೆಯೊಳಗೆ ಹೋಗಿ ಫೋನ್ ಹಿಡಿದು ಕೋಣೆ ಕೋಣೆಯ ಸಿಗ್ನಲ್ ಅಳೆದು, ಮನೆಯವರನ್ನು ಮಾತಾಡಿಸಿ ಬರಬೇಕು. ಪ್ರಶ್ನೆಗಳು ಹಳೆಯವೇ: ನೀವು ಎಲ್ಲಿ ಕೂರ್ತೀರಿ, ಮಕ್ಕಳು ಎಲ್ಲಿ ಓದ್ತಾರೆ, ಮನೆಯಲ್ಲಿ ಜಾಸ್ತಿ ಬಳಸೋರು ಯಾರು. ಎರಡನೇ ಪ್ರಶ್ನೆ ಕೇಳುವಾಗ ನಾನು ಅರ್ಧಕ್ಕೇ ಎದ್ದು ಬರ್ತೀನಿ ಅಂತ ಆಫೀಸಿನವರೆಲ್ಲ ಕಾದು ನೋಡ್ತಿದ್ದರು. ಬರಲಿಲ್ಲ. ಸಲೀಸಾಗಿ ಕೇಳ್ತೀನಿ, ಅವರು ಮೇಜು ತೋರಿಸ್ತಾರೆ, ನಾನು ಅಳೀತೀನಿ. ನನ್ನದು ಕಲ್ಲು ಮನಸ್ಸು ಅಂತ ಲೆಕ್ಕದ ವಿಭಾಗದ ಹೆಂಗಸು ಯಾರ ಹತ್ತಿರವೋ ಅಂದಳಂತೆ. ಕಲ್ಲಾದರೂ ಆಗಿದ್ದರೆ ಭಾರ ಇರ್ತಿತ್ತು.

ಸಿಟಿಯ ಕಥೆ ಕೇಳಿ. ಒಂದೊಂದು ಕಟ್ಟಡಕ್ಕೆ ಮೂರು ಮೂರು ಕಂಪನಿಯ ಫೈಬರ್ ಬಂದಿದೆ. ಮೆಟ್ಟಿಲ ಪಕ್ಕದಲ್ಲಿ ವೈರುಗಳು ಜಡೆ ಹಾಕಿಕೊಂಡು ಮೇಲಕ್ಕೆ ಹೋಗಿವೆ, ಯಾವುದು ಯಾರದ್ದು ಅಂತ ಬ್ರಹ್ಮನಿಗೂ ಗೊತ್ತಿಲ್ಲ. ಮೂರರಲ್ಲಿ ಯಾವುದನ್ನು ಹಾಕಿಸಿಕೊಂಡರೂ ಸರಿಯೇ, ವ್ಯತ್ಯಾಸ ಕೂದಲಷ್ಟು. ಆದರೂ ಜನ ಕಂಪನಿ ಬದಲಾಯಿಸ್ತಾನೇ ಇರ್ತಾರೆ. ಒಂದು ಮನೆಯಲ್ಲಿ ಯಜಮಾನರು ನನ್ನ ಮೇಲೆ ಹರಿಹಾಯ್ದರು, ದುಡ್ಡು ತಗೊಂಡು ಬಸವನ ಹುಳದ ವೇಗ ಕೊಡ್ತೀರಾ ಅಂತ. ವೈಫೈ ಡಬ್ಬಿ ಎಲ್ಲಿಟ್ಟಿದ್ದೀರಿ ಅಂತ ಕೇಳಿದೆ. ವೈರು ಕಂಡರೆ ಮನೆಯ ಅಂದ ಕೆಡುತ್ತೆ ಅಂತ ಚಪ್ಪಲಿ ಇಡೋ ಕಬ್ಬಿಣದ ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಿದ್ದರು. ಇಷ್ಟು ದಿನ ಚಪ್ಪಲಿಗಳಿಗೆ ಭರ್ಜರಿ ನೆಟ್ ಸಿಕ್ಕಿದೆ. ಕಪಾಟಿನ ಬಾಗಿಲು ತೆಗೆದೆ, ಅವರ ಹೆಂಡತಿ ಒಳಗಿನಿಂದ 'ಬಂತು ಬಂತು' ಅಂತ ಕೂಗಿದರು. ಯಜಮಾನರು ಮುಖ ಊದಿಸಿಕೊಂಡು ಸಹಿ ಹಾಕಿದರು. ಇದನ್ನು ಮನೆಗೆ ಬಂದು ಹೇಳಿದ್ದರೆ ಪಿಟೀಲು ಹೊಟ್ಟೆ ಹಿಡಿದುಕೊಂಡು ನಗ್ತಿದ್ದಳು. ನಿಮ್ಮಮ್ಮನಿಗೆ ಹೇಳಿದೆ, ಅವರು 'ಯಾರ ಚಪ್ಪಲಿ ಕಳೆದುಹೋಯಿತು' ಅಂದರು.

ಪಟ್ಟಣಗಳಲ್ಲಿ ಬೇರೆ ಮಾತು. ಅಲ್ಲಿ ಟೀವಿ ಕೇಬಲಿನವನೇ ನೆಟ್ಟೂ ಕೊಡ್ತಾನೆ. ಅವನ ಮನಸ್ಸು ಚೆನ್ನಾಗಿದ್ದರೆ ನೆಟ್ಟೂ ಚೆನ್ನಾಗಿರುತ್ತೆ. ಅವನ ಬೀದಿಯಲ್ಲಿ ಕರೆಂಟು ಹೋದರೆ ನಾಲ್ಕು ಬೀದಿಯವರು ಕತ್ತು ಉದ್ದ ಮಾಡಿಕೊಂಡು ಹೊರಗೆ ಬಂದು ನಿಲ್ತಾರೆ. ಆದರೆ ಒಂದು ಗುಣ ಇದೆ, ಕರೆದರೆ ಮನುಷ್ಯ ಬರ್ತಾನೆ. ಸಿಟಿಯಲ್ಲಿ ಕರೆದರೆ ಒಂದು ಒತ್ತಿ, ಎರಡು ಒತ್ತಿ ಅಂತ ಮೆಷಿನ್ನು ಮಾತಾಡುತ್ತೆ. ಅಲ್ಲೊಬ್ಬ ಟೈಲರ್ ಅಜ್ಜ ಮೆಟ್ಟಿಲ ಮೇಲೆ ಹೊಲಿಗೆ ಮೆಷಿನ್ ಇಟ್ಟುಕೊಂಡು ಕೂತಿದ್ದರು. ಒಳಗೆ ಅಷ್ಟು ಜಾಗ ಇರುವಾಗ ಇಲ್ಲೇಕೆ ಅಂದರೆ, ಆ ಮೆಟ್ಟಿಲ ಮೇಲೆ ಮಾತ್ರ ವಿಡಿಯೊ ಕಾಲಿನಲ್ಲಿ ಮೊಮ್ಮಗಳ ಮುಖ ಅಲುಗಾಡುತ್ತಂತೆ, ಒಳಗೆ ಹೋದರೆ ಫೋಟೊ ಆಗಿಬಿಡುತ್ತಂತೆ. ಫೋಟೊ ಮನೇಲಿ ಬೇಕಾದಷ್ಟಿದೆ ತಾಯಿ ಅಂದರು. ನಾನು ಹೂಂ ಅಂದು ಮೆಟ್ಟಿಲು ಅಳೆದೆ.

ಹಳ್ಳಿಗಳಲ್ಲಿ ಫೈಬರ್ ಊರ ಬಾಗಿಲಿಗೆ ಬಂದು ನಿಂತುಬಿಡುತ್ತೆ, ಹೊಸ ಅಳಿಯನ ಹಾಗೆ. ಶಾಲೆಗೋ ಅಂಚೆ ಕಚೇರಿಗೋ ಒಂದು ಎಳೆ, ಅಲ್ಲಿಂದ ಮುಂದಕ್ಕೆ ಕರೆದರೂ ಬರಲ್ಲ. ಮನೆಗಳಿಗೆ ಟವರಿನಿಂದ ಹಿಡಿಯೋ ಡಬ್ಬಿಯೇ ಗತಿ. ಅದು ಬೆಳಿಗ್ಗೆ ಜಿಂಕೆ, ಸಾಯಂಕಾಲ ಎಲ್ಲರೂ ಹೊಲ, ಗಿರಣಿ, ಅಂಗಡಿಯಿಂದ ಮನೆಗೆ ಬಂದು ಫೋನ್ ಹಿಡಿದ ಕೂಡಲೇ ಕುಂಟ ಎತ್ತು. ಹಳೇ ಟೆಲಿಫೋನ್ ತಂತಿಯ ಮೇಲೆ ಬರೋದೊಂದಿದೆ, ಅದರಲ್ಲಿ ಕಾಗದ ಓದಬಹುದು, ಮುಖ ನೋಡೋಕಾಗಲ್ಲ. ಕೊನೆಯದು ಚಾವಣಿಯ ಮೇಲಿನ ತಟ್ಟೆ, ನೇರ ಆಕಾಶದಿಂದ. ಏನೂ ಸಿಗದ ಕಡೆ ಅದು ಸಿಗುತ್ತೆ, ಆದರೆ ಬೆಲೆ ಕೇಳಿದರೆ ತಲೆ ತಿರುಗುತ್ತೆ, ದಟ್ಟ ಮೋಡ ಕವಿದರೆ ಕೈ ಕೊಡುತ್ತೆ. ಒಂದು ಮನೆಯಲ್ಲಿ ಅತ್ತೆ ಸೊಸೆ ಸೇರಿ ಫೋನನ್ನು ಬಕೆಟ್ಟಿಗೆ ಹಾಕಿ, ಹಗ್ಗ ಕಟ್ಟಿ, ಮಾಳಿಗೆಯ ತೊಲೆಯ ತನಕ ಎಳೀತಾರೆ. ಟಿಂಗ್ ಅಂತ ಸದ್ದಾದ ಮೇಲೆ ಇಳಿಸಿ ಮೆಸೇಜ್ ಓದಿ, ಉತ್ತರ ಬರೆದು ಮತ್ತೆ ಎಳೀತಾರೆ. ಬಾವಿಯಿಂದ ಸೇದೋದು ನೋಡಿದ್ದೆ, ಆಕಾಶದಿಂದ ಸೇದೋದು ಇದೇ ಮೊದಲು. ಎಲ್ಲ ಸೇರಿಸಿ ನನ್ನ ತೀರ್ಪು ಹೇಳೋದಾದರೆ, ಸಿಟಿಯವರಿಗೆ ಬೇಕಾದದ್ದು ಹೊಸ ಕಂಪನಿ ಅಲ್ಲ, ಡಬ್ಬಿ ಇಡೋಕೆ ಸರಿಯಾದ ಜಾಗ. ಹಳ್ಳಿಯವರಿಗೆ ಬೇಕಾದದ್ದು ಆ ನಿಂತುಹೋದ ಎಳೆಯನ್ನು ಮನೆ ತನಕ ಎಳೆಯೋರು.

ನಿಮ್ಮ ಊರನ್ನೂ ನೋಡಿದೆ, ಆಫೀಸಿನ ನಕ್ಷೆಯಲ್ಲಿ. ಹೌದು, ಕೇಳದೆ ನೋಡಿದೆ. ಟವರಿಗೂ ನಿಮಗೂ ನಡುವೆ ಗುಡ್ಡ ಅಡ್ಡ ಇದೆ, ಅದಕ್ಕೇ ನಿಮಗೆ ಅಷ್ಟು ನೆಮ್ಮದಿ. ಟೆಲಿಫೋನ್ ತಂತಿ ಸತ್ತು ಎಷ್ಟೋ ಕಾಲ ಆಗಿದೆ. ತಟ್ಟೆ ಹಾಕಿದರೆ ಸಿಗುತ್ತೆ, ನೀರಿನ ಟ್ಯಾಂಕ್ ಬಿಟ್ಟರೆ ನಿಮ್ಮ ಸುತ್ತ ಆಕಾಶವೇ ತಾನೇ ಇರೋದು. ಆದರೆ ಎಲ್ಲಕ್ಕಿಂತ ಸುಲಭದ್ದು ಬೇರೆ ಇದೆ. ಕ್ರಾಸಿನ ಹತ್ತಿರದ ಶಾಲೆಗೆ ಫೈಬರ್ ಬಂದು ನಿಂತಿದೆ, ಶಾಲೆಯಿಂದ ಪಂಪ್‌ಹೌಸಿನ ತನಕ ನೀರಿನ ಪೈಪಿನ ಪಕ್ಕ ಕಂಬಗಳಿವೆ. ಅದೇ ಕಂಬದ ಮೇಲೆ ಎಳೆದರೆ ನಿಮ್ಮ ಕೋಣೆಯ ಗೋಡೆ ತನಕ ಬರುತ್ತೆ. ಕಂಪನಿ ಒಪ್ಪಿದೆ, ಹೈಸ್ಪೀಡ್ ಅಂಕಲ್ ಸಹಿಯೂ ಹಾಕಿದ್ದಾರೆ. ಅಲ್ಲಿ ಸಿಗಲ್ಲ ಅನ್ನೋ ನೆಪ ಇನ್ನು ಮೇಲೆ ನಡೆಯಲ್ಲ. ಬೇಡ ಅನ್ನೋದಾದರೆ ಬೇಡ ಅಂತಲೇ ಹೇಳಬೇಕಾಗುತ್ತೆ.

ಈಗ ಗೋಡೆಯ ವಿಷಯ. ನಮ್ಮ ಆಫೀಸಿನ ಸೀಮೆಸುಣ್ಣದ ಪದ್ಧತಿ ನಿಮಗೆ ಗೊತ್ತು. ಮೊದಲೆಲ್ಲ ಡ್ರಿಲ್ಲಿನವರು ತಮಗೆ ತೋಚಿದ ಕಡೆ ತೂತು ಹಾಕ್ತಿದ್ದರು. ಒಬ್ಬರ ಮನೆಯಲ್ಲಿ ಗೋಡೆ ದಾಟಿ ಬೀರು ದಾಟಿ, ಬೀರುವಿನಲ್ಲಿದ್ದ ಕೋಟಿನ ಬೆನ್ನು ದಾಟಿ ಡ್ರಿಲ್ಲು ಹೊರಗೆ ಬಂದ ಮೇಲೆ ಕಾನೂನು ಬದಲಾಯಿತು. ಸರ್ವೆಗೆ ಹೋದವರು ಮನೆಯವರ ಕೈಗೆ ಸೀಮೆಸುಣ್ಣ ಕೊಟ್ಟು, 'ಗೋಡೆ ನಿಮ್ಮದು, ಗುರುತು ನೀವೇ ಹಾಕಿ' ಅನ್ನಬೇಕು. ಅವರು ಒಂದು ಸೊನ್ನೆ ಬರೀತಾರೆ. ಆಮೇಲೆ ಡ್ರಿಲ್ಲಿನವರು ಬಂದು, ಸೊನ್ನೆ ಇದ್ದ ಕಡೆ ತೂತು ಹಾಕಿ ವೈರು ಎಳೀತಾರೆ. ಸೊನ್ನೆ ಇಲ್ಲದಿದ್ದರೆ ತಲೆ ಮೇಲೆ ತಲೆ ಬಿದ್ದರೂ ಡ್ರಿಲ್ಲು ಮುಟ್ಟಲ್ಲ, ಸೊನ್ನೆ ಇದ್ದರೆ ಏಕೆ ಏನು ಅಂತ ಕೇಳಲ್ಲ. ನನ್ನ ಜೊತೆಗಿರೋ ಇಬ್ಬರು ಡ್ರಿಲ್ಲಿನವರು ಭಾವ ಭಾಮೈದ. ಇಡೀ ದಿನ ಜಗಳ ಆಡ್ತಾರೆ, ಕೆಲಸದಲ್ಲಿ ಮಾತ್ರ ಒಂದು ಕೂದಲು ಆಚೀಚೆ ಆಗಲ್ಲ.

ನಮ್ಮ ಮನೆಯ ಹಳೇ ತೂತು ಬಾಗಿಲ ಪಕ್ಕದಲ್ಲಿ ಹಾಗೇ ಇತ್ತು. ನೀವು ವೈರು ಕಿತ್ತ ದಿನ ಗಾರೆಯ ಸಮೇತ ಬಂದಿತ್ತಲ್ಲ. ನಿಮ್ಮದು ತಪ್ಪು ಅಂತ ನಾನು ಅವತ್ತೂ ಅನ್ನಲಿಲ್ಲ, ಇವತ್ತೂ ಅನ್ನಲ್ಲ. ಅವಳು ಹೋಗಿ ವಾರ ಕಳೆದಿರಲಿಲ್ಲ. ಜ್ವರ ಶುರುವಾದಾಗ ಮನೆಯಿಂದಲೇ ಪಾಠ ಕೇಳಲಿ ಅಂತ ಶಾಲೆಯವರು ಜೋಡಿಸಿಕೊಟ್ಟಿದ್ದ ಟ್ಯಾಬ್ಲೆಟ್ಟು ದಿನಾ ಬೆಳಿಗ್ಗೆ ತಾನಾಗಿಯೇ ಬೆಲ್ ಹೊಡೆದು, ತರಗತಿ ಶುರುವಾಗಿದೆ ಬನ್ನಿ ಅಂತ ಕರೀತಿತ್ತು. ಅದರ ಮೇಲೆ ನೆಂಟರ ವಿಡಿಯೊ ಕಾಲ್, ಪರದೆ ತುಂಬಾ ಅಳೋ ಮುಖಗಳು. ನೀವು ಟ್ಯಾಬ್ಲೆಟ್ಟಿಗೆ ಏನೂ ಮಾಡಲಿಲ್ಲ, ಎದ್ದು ಹೋಗಿ ವೈರು ಕಿತ್ತಿರಿ. ಆಮೇಲೆ ಆ ತೂತಿನಲ್ಲಿ ಇರುವೆ ಬರೋಕೆ ಶುರುವಾಗಿ ನಾನು ಬಟ್ಟೆ ತುರುಕಿದೆ. ನಿಮ್ಮಮ್ಮ ಅದನ್ನು ನೋಡೋಕಾಗಲ್ಲ ಅಂತ ಮೇಲೆ ಕ್ಯಾಲೆಂಡರ್ ನೇತುಹಾಕಿದರು. ಊರಿಗೆಲ್ಲ ನೆಟ್ ಕೊಡಿಸೋಳ ಮನೆಯಲ್ಲಿ ಬಟ್ಟೆ ತುರುಕಿದ ತೂತು ಅಂತ ಆಫೀಸಿನಲ್ಲಿ ನಗ್ತಿದ್ದರು. ಕೊನೆಗೆ ಹೈಸ್ಪೀಡ್ ಅಂಕಲ್ಲೇ, ಸರ್ವೆಯ ವರದಿ ಮನೆಯಿಂದ ಕಳಿಸೋಕಾದರೂ ಬೇಕಲ್ಲಮ್ಮಾ ಅಂತ ಒಂದು ಲೈನ್ ಮಂಜೂರು ಮಾಡಿದರು. ನಾನು ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಹಳೇ ತೂತಿನ ಸುತ್ತಲೇ ಒಂದು ಸೊನ್ನೆ ಬರೆದು, ಕ್ಯಾಲೆಂಡರನ್ನು ಪಕ್ಕಕ್ಕೆ ಸರಿಸಿ ಕೆಲಸಕ್ಕೆ ಹೋದೆ.

ನಾನು ಅತ್ತ ಹೋದ ಮೇಲೆ ನಿಮ್ಮಮ್ಮ ಇತ್ತ ಕ್ಯಾಲೆಂಡರನ್ನು ಮತ್ತೆ ನೆಟ್ಟಗೆ ಮಾಡಿದ್ದಾರೆ. ಭಾವ ಭಾಮೈದ ಬಂದರು. ಬಾಗಿಲ ಹತ್ತಿರ ಸೊನ್ನೆ ಕಾಣಲಿಲ್ಲ, ನಿಮ್ಮಮ್ಮನನ್ನು ಕೇಳಿದರು, ಅವರಿಗೆ ಕೇಳಿಸಲಿಲ್ಲ, ಹೂಂ ಅಂದರು. ಇಬ್ಬರೂ ಮನೆಯೆಲ್ಲ ಹುಡುಕಿದರು. ಸೊನ್ನೆ ಸಿಕ್ಕಿತು. ಎಲ್ಲಿ ಸಿಕ್ಕಿತು ಅಂತ ನಿಮಗೆ ಈಗ ಗೊತ್ತಾಗಿರುತ್ತೆ. ಅವಳ ಮಂಚದ ತಲೆಯ ಹತ್ತಿರ, ಕಿಟಕಿಯ ಕೆಳಗೆ, ಅವಳ ಎತ್ತರಕ್ಕೆ. ಜ್ವರ ಬಿಟ್ಟು ಬಿಟ್ಟು ಬರ್ತಿದ್ದ ದಿನಗಳಲ್ಲಿ ನನ್ನ ಚೀಲದಿಂದ ಸೀಮೆಸುಣ್ಣ ಕದ್ದು, ನನ್ನ ಅಳೆಯೋ ಫೋನ್ ಹಿಡಿದುಕೊಂಡು, 'ಅಜ್ಜೀ, ನೀವು ಎಲ್ಲಿ ಕೂರ್ತೀರಿ? ನಿಮ್ಮ ಮನೆ ಮಕ್ಕಳು ಎಲ್ಲಿ ಓದ್ತಾರೆ?' ಅಂತ ಮನೆಯೆಲ್ಲ ಸುತ್ತಿ ಬರೆದ ಸೊನ್ನೆ. ಒಳಗೆ ಎರಡು ಕಣ್ಣು ಬೇರೆ. ಅದರ ಬಗ್ಗೆ ನಾವಿಬ್ಬರೂ ಯಾವತ್ತೂ ಮಾತಾಡಲಿಲ್ಲ. ಆದರೆ ಬಣ್ಣ ಬಳಿಯೋರು ಬಂದಾಗ ಆ ಗೋಡೆ ಬಿಟ್ಟು ಬಳೀರಿ ಅಂದವರು ನೀವು. ಕಸ ಗುಡಿಸುವಾಗ ಪೊರಕೆಯ ತುದಿ ತಾಗದ ಹಾಗೆ ನೋಡಿಕೊಂಡವಳು ನಾನು. ಆ ಸೊನ್ನೆ ಹೋಯಿತು ರೀ. ಅದೇ ಜಾಗದಲ್ಲಿ ತೂತು ಹಾಕಿ, ವೈರು ಎಳೆದು, ಪಕ್ಕದಲ್ಲಿ ಡಬ್ಬಿ ಕೂರಿಸಿ, ಸುತ್ತ ಒದ್ದೆ ಬಟ್ಟೆಯಲ್ಲಿ ಒರೆಸಿ ನೀಟು ಮಾಡಿ ಹೋಗಿದ್ದರು. ಮೇಡಮ್ಮು ಬಲ್ಲೋರು, ಕಣ್ಣು ಬೇರೆ ಬರೆದು ಚೆನ್ನಾಗಿ ಗುರುತು ಮಾಡಿದ್ದಾರೆ ಅಂತ ಭಾವ ಹೇಳಿದನಂತೆ.

ಸಾಯಂಕಾಲ ಬಂದು ನೋಡಿದೆ. ಏನಾಯಿತು ಅಂತ ಕೇಳ್ತೀರಿ ತಾನೇ? ಏನೂ ಆಗಲಿಲ್ಲ. ಚೀಲ ಕೆಳಗಿಟ್ಟೆ, ಕೈಕಾಲು ತೊಳೆದುಕೊಂಡೆ, ಚಹಾಕ್ಕೆ ನೀರಿಟ್ಟೆ. ನಿಮ್ಮಮ್ಮ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡ್ತಿದ್ದರು. ಅವರಿಗೆ ಆ ಸೊನ್ನೆಯ ವಿಷಯ ಗೊತ್ತಿತ್ತು, ಅವಳು ಮೊದಲು ಪ್ರಶ್ನೆ ಕೇಳಿದ್ದೇ ಅವರನ್ನು. ನಾನು ಬಯ್ಯಲಿ ಅಂತ ಕಾದರೇನೋ, ಬೈಗುಳವೂ ಬರಲಿಲ್ಲ. ಮಾಡೋಕೆ ಬೇರೇನೂ ತೋಚದೆ ಕೆಲಸದ ಫೋನ್ ತೆಗೆದು ಮನೆ ಅಳೆಯೋಕೆ ಶುರು ಮಾಡಿದೆ. ಬೇರೆಯವರ ಮನೆಯಲ್ಲಿ ಮಾಡೋ ಹಾಗೇ, ಹೊರಗಿನ ಕೋಣೆಯಿಂದ. ಅಡುಗೆಮನೆ, ಬಚ್ಚಲ ಬಾಗಿಲು, ನಿಮ್ಮಮ್ಮನ ಕುರ್ಚಿ, ನೀವು ಪೇಪರ್ ಓದೋ ಮೂಲೆ. ಎಲ್ಲ ಕಡೆ ಸರಿಸಮ. ಹಿಂದೆ ಡಬ್ಬಿ ಬಾಗಿಲ ಪಕ್ಕ ಇದ್ದಾಗ ಅಡುಗೆಮನೆಗೆ ಬರ್ತಿರಲಿಲ್ಲ, ಈ ಮೇಜಿನ ಹತ್ತಿರ ಅಂತೂ ಸೊನ್ನೆಯೇ. ಆ ಜಾಗ ಆರಿಸಿದ್ದು ನಾನು, ರಾಜ್ಯದ ಮನೆಗಳನ್ನೆಲ್ಲ ಅಳೆಯೋ ಮಹಾರಾಣಿ. ಈಗ ಈ ಮೇಜಿಗೂ ಪೂರ್ತಿ ಬರ್ತಿದೆ. ಇಡೀ ಮನೆಯಲ್ಲಿ ಡಬ್ಬಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ ರೀ. ಅವಳು ಆಟ ಆಡ್ತಿದ್ದಾಳೆ ಅಂದುಕೊಂಡಿದ್ದೆವು. ಅಳೆದಿದ್ದಳು. ಫೋನ್ ಹಿಡಿದು ಮೂಲೆ ಮೂಲೆಗೂ ಹೋಗಿ, ನಂಬರ್ ನೋಡಿ, ಯೋಚನೆ ಮಾಡಿ ಬರೆದಿದ್ದಳು. ನಿಮ್ಮಮ್ಮನನ್ನು ಹತ್ತಿರ ಕೂರಿಸಿ ಬಲಗಿವಿಯಲ್ಲಿ ಗಟ್ಟಿಯಾಗಿ ಹೇಳಿದೆ, ನಿಮ್ಮ ಮೊಮ್ಮಗಳು ನನಗಿಂತ ಚೆನ್ನಾಗಿ ಅಳೆದಿದ್ದಾಳೆ ಅಂತ. 'ಮತ್ತೇನಂದುಕೊಂಡೆ ನೀನು' ಅಂದರು. ನನಗೆ ನಗು ಬಂತು. ಆಮೇಲೆ ಅಳು ಬಂತು, ತುಂಬಾ ಹೊತ್ತೇನಲ್ಲ. ಚಹಾ ಉಕ್ಕಿ ಒಲೆ ಆರಿಹೋಗಿತ್ತು, ಒರೆಸಿ ಮತ್ತೆ ಇಟ್ಟೆ.

ಮಾರನೇ ದಿನ ಬೆಳಿಗ್ಗೆ ಬೆಲ್ ಆಯಿತು. ನಿಮ್ಮಮ್ಮ ಸೀರಿಯಲ್ ನೋಡೋಕೆ ಅಂತ ಅವಳ ಟ್ಯಾಬ್ಲೆಟ್ಟನ್ನು ಚಾರ್ಜಿಗೆ ಹಾಕಿದ್ದರು. ತರಗತಿ ಶುರುವಾಗಿದೆ ಬನ್ನಿ. ನಾನು ಆಫ್ ಮಾಡೋಕೆ ಕೈ ಚಾಚಿದೆ, ಮಾಡಲಿಲ್ಲ. ಪಕ್ಕದಲ್ಲಿ ಕೂತುಕೊಂಡೆ. ಸ್ವಲ್ಪ ಹೊತ್ತು ಹೊಡೆದುಕೊಂಡು ತಾನೇ ನಿಂತಿತು. ಈಗ ದಿನಾ ಹೊಡೆಯುತ್ತೆ. ಶಾಲೆಗೆ ಫೋನ್ ಮಾಡಿ ನಿಲ್ಲಿಸಿ ಅಂತ ಹೇಳಬಹುದು, ನಿಮ್ಮನ್ನು ಕೇಳದೆ ಹೇಳೋದು ಬೇಡ ಅಂತ ಬಿಟ್ಟಿದ್ದೀನಿ. ನೀವು ಬಂದರೆ ಇದೂ ಕೇಳಿಸುತ್ತೆ ಅಂತ ಮೊದಲೇ ಹೇಳಿದ್ದೀನಿ, ಆಮೇಲೆ ಮುಚ್ಚಿಟ್ಟೆ ಅನ್ನಬೇಡಿ. ಉಳಿದ ಹೊತ್ತೆಲ್ಲ ನಾನು ಮೊದಲಿನ ಹಾಗೇ ಇದ್ದೀನಿ, ಮರಗಟ್ಟಿಕೊಂಡು. ಅವತ್ತು ಅತ್ತುಬಿಟ್ಟೆ ಅಂತ ಎಲ್ಲ ಸರಿ ಹೋಯಿತು ಅಂದುಕೊಳ್ಳಬೇಡಿ. ಆದರೆ ಅವಳ ವಿಷಯದಲ್ಲಿ ಒಂದು ಹೊಸ ಸುದ್ದಿ ಸಿಕ್ಕಿತಲ್ಲ ರೀ, ಇನ್ನು ಮೇಲೆ ಯಾವತ್ತೂ ಸಿಗಲ್ಲ ಅಂದುಕೊಂಡಿದ್ದೆ. ಅದನ್ನು ಹೇಳಿಕೊಳ್ಳೋಕೆ ನನಗೆ ಬೇರೆ ಯಾರಿದ್ದಾರೆ? ಕ್ರಾಸಿಗೆ ಬರೋ ಒಂದು ಪದದ ಮೆಸೇಜಿನೊಳಗೆ ಇದನ್ನು ಹೇಗೆ ತುರುಕಲಿ?

ಭಾವ ಭಾಮೈದರ ಮೇಲೆ ಸಿಟ್ಟಾಗಬೇಡಿ. ಅವರಿಗೆ ಗೊತ್ತಾಗಿ ಇಬ್ಬರೂ ಆಫೀಸಿನ ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿದ್ದರು, ಜಗಳ ಕೂಡ ಆಡದೆ. ಕೆಲಸ ಸರಿಯಾಗಿ ಮಾಡಿದ್ದೀರಿ ಅಂದೆ. ನಿಮ್ಮಮ್ಮನ ಮೇಲೂ ಬೇಡ. ಅವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಬಿಸಿನೀರಲ್ಲಿ ಕಾಲು ಅದ್ದಿಕೊಳ್ಳೋಕೆ ಹೇಳಿದ್ದಾರೆ. ಬಾಗಿಲ ಪಕ್ಕದ ಹಳೇ ತೂತನ್ನು ಮುಚ್ಚಿಸ್ತೀನಿ ಅಂದರೆ ಬಿಡ್ತಿಲ್ಲ. ಕಿತ್ತವನೇ ಬಂದು ಮುಚ್ಚಲಿ ಅಂತ ಹಟ. ಮೈ ಕಡೆ ನೋಡಿಕೊಳ್ಳಿ. ಮೋಟರಿನ ಹತ್ತಿರ ಬರಿಗಾಲಲ್ಲಿ ನಿಲ್ಲಬೇಡಿ.

ನಿಮ್ಮ,
ಪಿಟೀಲಮ್ಮ

ಮರೆತಿದ್ದೆ: ಮುಂದಿನ ತಿಂಗಳ ಮೊದಲ ವಾರ ನಮ್ಮ ವ್ಯಾನು ನಿಮ್ಮ ಊರಿಗೆ ಬರುತ್ತೆ. ಶಾಲೆ ಮುಗಿಸಿ ಅಲ್ಲಿಂದ ಪಂಪ್‌ಹೌಸಿಗೆ, ನಾನೂ ಇರ್ತೀನಿ. ಲಕೋಟೆಯಲ್ಲಿ ಹತ್ತಿ ಸುತ್ತಿ ಸೀಮೆಸುಣ್ಣದ ಒಂದು ಚೂರು ಇಟ್ಟಿದ್ದೀನಿ, ಬಿಸಾಡಬೇಡಿ, ಅವಳು ಬರೆದದ್ದು ಅದರಲ್ಲೇ. ಮಂಚದ ಹಾಸಿಗೆಯ ಕೆಳಗೆ ಸಿಕ್ಕಿತು, ಮುರಿದು ಅರ್ಧ ನಾನಿಟ್ಟುಕೊಂಡಿದ್ದೀನಿ. ಬಾಗಿಲ ಪಕ್ಕ, ಹೊರಗಿನಿಂದ ಕಾಣೋ ಹಾಗೆ ಒಂದು ಸೊನ್ನೆ ಇದ್ದರೆ ನಾನು ಒಳಗೆ ಬರ್ತೀನಿ. ಇಲ್ಲದಿದ್ದರೆ ಈ ಮನೆಗೆ ಬೇಡವಂತೆ ಅಂತ ಅವರಿಬ್ಬರಿಗೆ ಹೇಳಿ ಮುಂದಕ್ಕೆ ಹೋಗ್ತೀನಿ, ಬಾಗಿಲು ತಟ್ಟಲ್ಲ, ಬೇಜಾರೂ ಮಾಡಿಕೊಳ್ಳಲ್ಲ. ಈಗ ಬರೆದದ್ದು ಸುಳ್ಳು, ಬೇಜಾರಾಗುತ್ತೆ. ಕಣ್ಣು ಬಿಡಿಸೋಕೆ ನಿಮಗೆ ಬರಲ್ಲ, ಬರೀ ಸೊನ್ನೆ ಸಾಕು.